ಒಬ್ಬರೇ ಕಾರಲ್ಲಿ ಆಫೀಸಿಗೆ: ಕಾರ್‌ಪೂಲ್ ಮಾಡಿದರೆ ನಿಜಕ್ಕೂ ಎಷ್ಟು ಉಳಿಯುತ್ತೆ?

ಪ್ರಶ್ನೆ: ಬನಶಂಕರಿಯಿಂದ ಕಾಡುಬೀಸನಹಳ್ಳಿಗೆ ದಿನಾ ಒಬ್ಬನೇ ಕಾರಿನಲ್ಲಿ ಹೋಗಿಬರುತ್ತೇನೆ. ಪೆಟ್ರೋಲಿಗೇ ತಿಂಗಳಿಗೆ ಏಳು ಸಾವಿರದ ಹತ್ತಿರ ಹೋಗುತ್ತಿದೆ. ಕಾರ್‌ಪೂಲ್ ಆ್ಯಪ್‌ನಲ್ಲಿ ಜೊತೆ ಹುಡುಕಿಕೊಂಡರೆ ಖರ್ಚು ಅರ್ಧಕ್ಕಿಳಿಯುತ್ತೆ ಅಂತಾರೆ. ಹೌದಾ? ಬಿಳಿ ಬೋರ್ಡ್ ಕಾರಿನಲ್ಲಿ ದುಡ್ಡು ತಗೊಂಡು ಜನರನ್ನ ಕೂರಿಸಿಕೊಂಡರೆ ಆರ್‌ಟಿಒದವರು ಹಿಡಿಯಲ್ವಾ? ವಾರಾಂತ್ಯಕ್ಕೆ ಮೈಸೂರಿಗೆ ಹೋಗುವಾಗಲೂ ಹೀಗೇ ಮಾಡಬಹುದಾ?

ಉತ್ತರ: ಉಳಿಯುತ್ತೆ. ಆದರೆ ದಿನಾ ಬೆಳಿಗ್ಗೆ ಆ್ಯಪ್ ತೆರೆದು ಆ ದಿನಕ್ಕೆ ಸಿಕ್ಕವರನ್ನ ಹತ್ತಿಸಿಕೊಂಡು ಹೋಗುವವರಿಗೆ ಅರ್ಧ ಉಳಿಯೋದು ಕಷ್ಟ, ಮೂರರಲ್ಲೊಂದು ಪಾಲು ಉಳಿದರೆ ಪುಣ್ಯ. ಅದೇ ಆ್ಯಪ್‌ನಲ್ಲಿ ನಿಮ್ಮ ದಾರಿಯ ಮೂರು ಜನರನ್ನ ಹುಡುಕಿಕೊಂಡು, ಆಮೇಲೆ ಒಬ್ಬೊಬ್ಬರು ಒಂದೊಂದು ವಾರ ಕಾರು ತೆಗೆಯುವ ಸರದಿ ಪದ್ಧತಿಗೆ ಬಂದರೆ ಅರ್ಧಕ್ಕಿಂತ ಜಾಸ್ತಿಯೇ ಉಳಿಯುತ್ತೆ. ಆರ್‌ಟಿಒ ಚಿಂತೆಯೂ ಅದರ ಜೊತೆಗೇ ಬಹುಪಾಲು ಕಳೆಯುತ್ತೆ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ನಿಮ್ಮ ದಾರಿ ಹೆಚ್ಚುಕಡಿಮೆ 18 ಕಿಲೋಮೀಟರ್. ಹೋಗಿಬರೋದು 36. ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು ಷೋರೂಮಿನಲ್ಲಿ ಎಷ್ಟೇ ಮೈಲೇಜ್ ಹೇಳಿಸಿಕೊಂಡಿರಲಿ, ಬೆಳಿಗ್ಗೆ ಒಂಬತ್ತಕ್ಕೆ ಸಿಲ್ಕ್ ಬೋರ್ಡ್ ದಾಟಿ ಇಬ್ಬಲೂರಿನ ಕಡೆ ತೆವಳುವಾಗ ಲೀಟರಿಗೆ 12 ಕೊಟ್ಟರೆ ಅದೇ ದೊಡ್ಡದು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನ ಶೇ 25.92ರಿಂದ ಶೇ 29.84ಕ್ಕೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಲೀಟರ್ ಬೆಲೆ 102 ರೂಪಾಯಿ ದಾಟಿತು. ಲೆಕ್ಕಕ್ಕೆ ಸುಲಭ ಆಗಲಿ ಅಂತ 103 ಹಿಡಿಯೋಣ. ದಿನಕ್ಕೆ ಮೂರು ಲೀಟರ್, 309 ರೂಪಾಯಿ. ತಿಂಗಳಿಗೆ 22 ದಿನ ಆಫೀಸು ಅಂದರೆ 6,798. ನೀವು ಹೇಳಿದ ಏಳು ಸಾವಿರಕ್ಕೆ ಸರಿಹೋಯಿತು. ಕಿಲೋಮೀಟರಿಗೆ ಸುಮಾರು 8 ರೂಪಾಯಿ 60 ಪೈಸೆ. ಈ ಕೊನೆಯ ಅಂಕಿಯನ್ನ ನೆನಪಿಟ್ಟುಕೊಳ್ಳಿ, ಕಾನೂನಿನ ವಿಷಯ ಬಂದಾಗ ಬೇಕಾಗುತ್ತೆ.

ಈಗ ಆ್ಯಪ್‌ನಲ್ಲಿ ಒಬ್ಬರು ಸಿಕ್ಕರು ಅಂದುಕೊಳ್ಳಿ. ಖರ್ಚು ಸರಿಯಾಗಿ ಇಬ್ಬರಲ್ಲಿ ಹಂಚಿಕೆಯಾದರೆ ನಿಮ್ಮ ಪಾಲಿಗೆ ದಿನಕ್ಕೆ 155. ಇದೇ ಆ ‘ಅರ್ಧ’. ಆದರೆ ಅವರು ನಿಮ್ಮ ಮನೆ ಬಾಗಿಲಲ್ಲಿ ನಿಂತಿರಲ್ಲ. ಅವರನ್ನ ಹತ್ತಿಸಿಕೊಳ್ಳೋಕೆ, ಇಳಿಸೋಕೆ ಹೋಗುವಾಗ ಎರಡು ಕಿಲೋಮೀಟರ್, ಬರುವಾಗ ಎರಡು ಸುತ್ತು ಬಳಸಿದರೆ 36 ಹೋಗಿ 40 ಆಯಿತು. ದಿನಕ್ಕೆ 343 ರೂಪಾಯಿ, ನಿಮ್ಮ ಪಾಲು 172. ಅಂದರೆ ಉಳಿದದ್ದು 137. ಎರಡು ಕಿಲೋಮೀಟರ್ ತಾನೆ ಅನ್ನಬೇಡಿ. ರಿಂಗ್ ರೋಡಿನಲ್ಲಿ ಒಂದು ಯು-ಟರ್ನ್ ತಪ್ಪಿದರೆ ಅಷ್ಟು ಆಗೇ ಹೋಗುತ್ತೆ.

ಇನ್ನು 22 ದಿನವೂ ಜೊತೆ ಸಿಗಲ್ಲ. ಅವರಿಗೆ ಒಂದು ದಿನ ವರ್ಕ್ ಫ್ರಮ್ ಹೋಮ್, ನಿಮಗೊಂದು ದಿನ ತಡವಾದ ಮೀಟಿಂಗು, ಮಧ್ಯೆ ಒಬ್ಬರು ರಾತ್ರಿ ಹನ್ನೊಂದಕ್ಕೆ ಒಪ್ಪಿಕೊಂಡು ಬೆಳಿಗ್ಗೆ ಎಂಟಕ್ಕೆ ಕ್ಯಾನ್ಸಲ್ ಮಾಡುತ್ತಾರೆ. 15 ದಿನ ಸರಿಯಾಗಿ ಕೂಡಿಬಂತು ಅಂತ ಹಿಡಿದರೆ ತಿಂಗಳಿಗೆ ಉಳಿದದ್ದು 2,055 ರೂಪಾಯಿ. ಆರೂಮುಕ್ಕಾಲು ಸಾವಿರದಲ್ಲಿ ಇದು ಮೂರರಲ್ಲೊಂದು ಪಾಲಿಗೂ ಸ್ವಲ್ಪ ಕಮ್ಮಿ. ಆ್ಯಪ್‌ನವರ ಸೇವಾ ಶುಲ್ಕ ಇದ್ದರೆ ಅದನ್ನೂ ಇದರಲ್ಲೇ ಕಳೆಯಬೇಕು. ಬೇಡ ಅನ್ನುವ ದುಡ್ಡಲ್ಲ, ಆದರೆ ಜಾಹೀರಾತಿನ ಲೆಕ್ಕವೂ ಅಲ್ಲ.

ಕಾರಿನ ಇಎಂಐ, ಇನ್ಶೂರೆನ್ಸು, ಮೊದಲೇ ಕಟ್ಟಿಬಿಟ್ಟ ಲೈಫ್‌ಟೈಮ್ ಟ್ಯಾಕ್ಸ್ ಇವು ಯಾವುದೂ ಕಾರ್‌ಪೂಲ್‌ನಿಂದ ಒಂದು ಪೈಸೆ ಕಮ್ಮಿ ಆಗಲ್ಲ. ಕಾರು ಮನೆ ಮುಂದೆ ನಿಂತಿದ್ದರೂ ಅವು ನಡೆಯುತ್ತಲೇ ಇರುತ್ತವೆ. ನಿಜವಾಗಿ ದೊಡ್ಡ ಮೊತ್ತ ಉಳಿಯೋದು ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ, ಕಾರ್‌ಪೂಲ್ ಇದೆ ಅನ್ನೋ ಧೈರ್ಯದಿಂದ ಎರಡನೇ ಕಾರು ಕೊಳ್ಳದೆ ಬಿಟ್ಟಾಗ. ಆ ಲೆಕ್ಕದ ಮುಂದೆ ಪೆಟ್ರೋಲಿನದು ಚಿಲ್ಲರೆ.

ಹಾಗಾದರೆ ಜೊತೆ ಹುಡುಕೋ ಕೆಲಸವನ್ನ ಆ್ಯಪ್ ಹೇಗೆ ಮಾಡುತ್ತೆ? ಬೆಂಗಳೂರಿನಲ್ಲೇ ಹುಟ್ಟಿದ ಕ್ವಿಕ್ ರೈಡ್ ಇರಲಿ, ಬೇರೆ ಯಾವುದೇ ಇರಲಿ, ಒಳಗಿನ ಲೆಕ್ಕಾಚಾರ ಹೆಚ್ಚುಕಡಿಮೆ ಒಂದೇ. ನೀವು ಹೊರಡುವ ಜಾಗ, ತಲುಪುವ ಜಾಗ, ಹೊರಡುವ ಹೊತ್ತು ಕೊಡುತ್ತೀರಿ. ಅದು ನಕ್ಷೆಯ ಮೇಲೆ ಒಂದು ಗೆರೆ ಎಳೆಯುತ್ತೆ. ಇನ್ನೊಬ್ಬರ ಗೆರೆ ನಿಮ್ಮ ಗೆರೆಯ ಮೇಲೆ ಎಷ್ಟು ದೂರ ಕೂಡಿಕೊಂಡು ಹೋಗುತ್ತೆ, ಹೊತ್ತು ಎಷ್ಟು ಹೊಂದುತ್ತೆ ಅಂತ ನೋಡಿ ಪಟ್ಟಿ ಕೊಡುತ್ತೆ. ಇಬ್ಬರ ಮನೆ ಪಕ್ಕಪಕ್ಕ ಇರಬೇಕು ಅಂತಿಲ್ಲ, ದಾರಿ ಕೂಡಿದರೆ ಸಾಕು. ನೀವು ಬನಶಂಕರಿಯಿಂದ ಹೊರಟರೂ ಸಾರಕ್ಕಿ ಸಿಗ್ನಲ್‌ನಲ್ಲಿ ಒಬ್ಬರು, ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಇನ್ನೊಬ್ಬರು ಹತ್ತಬಹುದು.

ಕಿರಿಕಿರಿ ಶುರುವಾಗೋದು ಈ ಗೆರೆಯಲ್ಲೇ. 2024ರ ಜುಲೈಯಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಡಬಲ್ ಡೆಕ್ಕರ್ ಮೇಲ್ಸೇತುವೆ ತೆರೆಯಿತಲ್ಲ, ಕೆಳಗೆ ಹಳೇ ರಸ್ತೆ, ನಡುವೆ ಕಾರುಗಳ ರಸ್ತೆ, ಅದರ ಮೇಲೆ ಮೆಟ್ರೋ. ನಕ್ಷೆಯ ಮೇಲೆ ಮೂರೂ ಒಂದೇ ಗೆರೆ. ನೀವು ಮೇಲಿನ ದಾರಿ ಹಿಡಿದಿದ್ದೀರಿ, ನಿಮ್ಮ ಜೊತೆಗಾರರು ಬಿಟಿಎಂ ಲೇಔಟ್ ಹತ್ತಿರ ಕೆಳಗೆ ಬ್ಯಾಗ್ ಹಾಕಿಕೊಂಡು ನಿಂತಿದ್ದಾರೆ. ಆ್ಯಪ್ ಲೆಕ್ಕದಲ್ಲಿ ನೀವಿಬ್ಬರೂ ಒಂದೇ ಬಿಂದುವಿನಲ್ಲಿ ಇದ್ದೀರಿ. ‘ಸರ್, ನಿಮ್ಮ ಕಾರು ನನ್ನ ಹತ್ರಾನೇ ತೋರಿಸ್ತಿದೆ, ಕಾಣ್ತಾ ಇಲ್ವಲ್ಲ’ ಅಂತ ಫೋನು. ‘ಮೇಡಂ, ನಾನು ಫ್ಲೈಓವರ್ ಮೇಲಿದ್ದೀನಿ.’ ಅಷ್ಟು ಹೊತ್ತಿಗೆ ಇಳಿಯೋದು ಸಿಲ್ಕ್ ಬೋರ್ಡ್‌ನಲ್ಲೇ. ಅವರನ್ನ ಹತ್ತಿಸಿಕೊಳ್ಳಬೇಕು ಅಂದರೆ ಮೇಲ್ಸೇತುವೆ ಬಿಟ್ಟು ಕೆಳಗಿನ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗಬೇಕು. ಅವರು ಕೊಡುವ ದುಡ್ಡು ಆ ಹೊತ್ತಿಗೆ ಸಮವೋ ಅಲ್ಲವೋ ಅನ್ನೋದು ನೀವೇ ತೀರ್ಮಾನಿಸಬೇಕಾದ ವಿಷಯ.

ಆದ್ದರಿಂದ ಹತ್ತುವ ಜಾಗವನ್ನ ಆ್ಯಪ್ ತೀರ್ಮಾನಕ್ಕೆ ಬಿಡಬೇಡಿ, ಮೆಸೇಜ್ ಮಾಡಿ ನೀವೇ ಗೊತ್ತುಮಾಡಿ. ನಿಮ್ಮ ದಾರಿಯಲ್ಲಿ ಎಡಗಡೆಗೆ ಬರುವ ಜಾಗ, ಸರ್ವೀಸ್ ರಸ್ತೆಯ ಮೇಲೆ, ಸಿಗ್ನಲ್ ದಾಟಿದ ಮೇಲೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ, ಬಸ್ ನಿಲ್ಲುವ ಜಾಗದಲ್ಲಿ ನಿಲ್ಲಿಸಿದರೆ ಹಿಂದಿನ ಬಿಎಂಟಿಸಿ ಬಸ್ಸಿನ ಹಾರ್ನ್ ಒಂದು ಕಡೆ, ಕ್ಯಾಮೆರಾದಲ್ಲಿ ಬೀಳುವ ದಂಡ ಇನ್ನೊಂದು ಕಡೆ. ಒಂದು ದಂಡ ಬಿದ್ದರೆ ಆ ವಾರ ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು. ಹತ್ತುವವರು ಐನೂರು ಮೀಟರ್ ನಡೆದು ಮುಖ್ಯರಸ್ತೆಗೆ ಬರೋಕೆ ಒಪ್ಪಿದರೆ ಮಾತ್ರ ಮುಂದುವರಿಯಿರಿ. ಗಲ್ಲಿಯೊಳಗೆ, ಅಪಾರ್ಟ್‌ಮೆಂಟ್ ಗೇಟಿಗೆ ಬನ್ನಿ ಅನ್ನುವವರಿಗೆ ಬೇಕಿರೋದು ಕಾರ್‌ಪೂಲ್ ಅಲ್ಲ, ಕ್ಯಾಬು.

ಬೆಳಿಗ್ಗೆ ಜೊತೆ ಸಿಗೋದು ಸುಲಭ, ಸಂಜೆ ಕಷ್ಟ. ಬೆಳಿಗ್ಗೆ ಎಲ್ಲರೂ ಎಂಟರಿಂದ ಒಂಬತ್ತರೊಳಗೆ ಹೊರಡುತ್ತಾರೆ. ಸಂಜೆ ಒಬ್ಬರಿಗೆ ಐದೂವರೆ, ಒಬ್ಬರಿಗೆ ಅಮೆರಿಕದವರ ಜೊತೆ ಕಾಲ್ ಮುಗಿದು ಎಂಟು. ಮಂಗಳವಾರದಿಂದ ಗುರುವಾರದವರೆಗೆ ರಿಂಗ್ ರೋಡಿನ ಕಂಪನಿಗಳಿಗೆ ಜನ ಹೆಚ್ಚು ಬರುವುದರಿಂದ ಆ ಮೂರು ದಿನ ಪಟ್ಟಿ ಉದ್ದ ಇರುತ್ತೆ, ಟ್ರಾಫಿಕ್ಕೂ ಅಷ್ಟೇ ಇರುತ್ತೆ. ಸೋಮವಾರ, ಶುಕ್ರವಾರ ರಸ್ತೆ ಸ್ವಲ್ಪ ಖಾಲಿ, ಪಟ್ಟಿಯೂ ಖಾಲಿ. ಕಾರು ಮನೆಯಲ್ಲಿ ಬಿಟ್ಟು ಬೇರೆಯವರ ಕಾರಿನಲ್ಲಿ ಹೋಗುವವರು ಸಂಜೆ ವಾಪಸ್ ಬರೋಕೆ ಎರಡನೇ ದಾರಿ ಒಂದನ್ನ ಮೊದಲೇ ನೋಡಿಟ್ಟುಕೊಂಡಿರಬೇಕು. ತಿಂಗಳಲ್ಲಿ ನಾಲ್ಕು ಸಂಜೆ ಕ್ಯಾಬ್ ಹಿಡಿದು ವಾಪಸ್ಸಾದರೆ ಬೆಳಗಿನ ಉಳಿತಾಯದ ಬಹುಭಾಗ ಅದಕ್ಕೇ ಜಮಾ. ನಿಮ್ಮ ದಾರಿಯಲ್ಲಾದರೆ ರಿಂಗ್ ರೋಡಿನ 500 ಸರಣಿಯ ಬಸ್ಸುಗಳಿವೆ. ಸಿಲ್ಕ್ ಬೋರ್ಡ್ ತಲುಪಿದರೆ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದ ಮೆಟ್ರೋ ಹತ್ತಿ ಆರ್.ವಿ. ರೋಡ್, ಅಲ್ಲಿಂದ ಹಸಿರು ಮಾರ್ಗದಲ್ಲಿ ಬನಶಂಕರಿ.

ಅಮೆರಿಕದಲ್ಲಿರುವ ನಮ್ಮವರು ಇದನ್ನ ಓದಿದರೆ ‘ನಮ್ಮಲ್ಲಿ ಕಾರ್‌ಪೂಲ್‌ಗೆ ಬೇರೆ ಲೇನೇ ಇದೆಯಲ್ಲ’ ಅಂತಾರೆ. ಸರಿ. ಸ್ಯಾನ್ ಫ್ರಾನ್ಸಿಸ್ಕೋಗೆ ಕೊಲ್ಲಿಯ ಆಚೆ ದಡದಿಂದ ಬರುವವರು ಆ್ಯಪ್ ಅನ್ನೋ ಮಾತೇ ಇಲ್ಲದ ಕಾಲದಿಂದಲೂ, ಕೋವಿಡ್ ಬರುವವರೆಗೆ, ಬಸ್ ಸ್ಟಾಪಿನ ಹತ್ತಿರ ಸಾಲು ನಿಂತು ಗುರುತಿಲ್ಲದವರ ಕಾರು ಹತ್ತಿ ಹೋಗುತ್ತಿದ್ದರು. ಕಾರಿನವರಿಗೆ ಮೂರು ಜನ ಆದರೆ ಸೇತುವೆಯ ಟೋಲ್ ಕಮ್ಮಿ, ಪ್ರತ್ಯೇಕ ಲೇನಿನಲ್ಲಿ ಸೀದಾ ದಾರಿ. ಹತ್ತಿದವರಿಗೆ ಪುಕ್ಕಟೆ ಸವಾರಿ. ನಮ್ಮ ರಿಂಗ್ ರೋಡಿನಲ್ಲಿ ನಾಲ್ಕು ಜನ ತುಂಬಿಕೊಂಡು ಹೋದರೂ, ಒಬ್ಬರೇ ಹೋದರೂ ನಿಲ್ಲೋದು ಒಂದೇ ಜಾಮಿನಲ್ಲಿ. ಇಲ್ಲಿ ಕಾರ್‌ಪೂಲ್ ನಿಮ್ಮ ಸಮಯ ಉಳಿಸಲ್ಲ, ಉಳಿಸಿದರೆ ಪೆಟ್ರೋಲ್ ಮಾತ್ರ. ಅದಕ್ಕೇ ಪೆಟ್ರೋಲಿನ ಲೆಕ್ಕ ಬಿಗಿಯಾಗಿರಬೇಕು.

ಇನ್ನು ಸರದಿ ಪದ್ಧತಿ. ಒಂದೇ ಟೆಕ್ ಪಾರ್ಕಿಗೆ ಹೋಗುವ, ಕಾರಿರುವ ನಾಲ್ಕು ಜನ. ಮೊದಲ ವಾರ ನಿಮ್ಮ ಕಾರು, ಎರಡನೇ ವಾರ ಇನ್ನೊಬ್ಬರದು, ಹೀಗೆ. ಯಾರೂ ಯಾರಿಗೂ ದುಡ್ಡು ಕೊಡುವ ಮಾತೇ ಇಲ್ಲ. 22 ದಿನವನ್ನ ನಾಲ್ಕರಿಂದ ಭಾಗಿಸಿದರೆ ಒಬ್ಬರ ಪಾಲಿಗೆ ಐದೂವರೆ ದಿನ. ದಿನಕ್ಕೆ ಸುತ್ತು ಬಳಸಿನ 343 ರೂಪಾಯಿ ಹಿಡಿದರೂ ತಿಂಗಳ ಪೆಟ್ರೋಲ್ 1,887. ಉಳಿದದ್ದು 4,900 ರೂಪಾಯಿ. ಎರಡೇ ಜನ ಇದ್ದರೆ 11 ದಿನ, 3,773 ರೂಪಾಯಿ, ಉಳಿತಾಯ ಮೂರು ಸಾವಿರ. ರಜೆ, ತಡ ಎಲ್ಲ ಸೇರಿ ಇದರಲ್ಲೂ ಸ್ವಲ್ಪ ಕರಗುತ್ತೆ ಬಿಡಿ. ಆದರೂ ದಿನಾ ಹೊಸಬರನ್ನ ಹುಡುಕೋದಕ್ಕಿಂತ ಎಷ್ಟೋ ಮೇಲು. ಕ್ಲಚ್ಚು, ಟೈರು, ಸರ್ವೀಸು ಎಲ್ಲದರ ಸವೆತವೂ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತೆ. ಬೇರೆಯವರ ವಾರದಲ್ಲಿ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಬಹುದು, ಇದಕ್ಕೆ ಬೆಲೆ ಕಟ್ಟೋದು ನಿಮಗೆ ಬಿಟ್ಟಿದ್ದು.

ಆ್ಯಪ್ ಬೇಕಾಗೋದು ಈ ಮೂರು ಜನ ಸಿಗುವವರೆಗೆ. ಎರಡು-ಮೂರು ವಾರ ಆ್ಯಪ್ ಮೂಲಕವೇ ಬೇರೆ ಬೇರೆಯವರ ಜೊತೆ ಹೋಗಿ ನೋಡಿ. ಯಾರು ಹೇಳಿದ ಹೊತ್ತಿಗೆ ಬರುತ್ತಾರೆ, ಯಾರು ‘ಆನ್ ದಿ ವೇ’ ಅಂತ ಮೆಸೇಜ್ ಹಾಕಿ ಆಮೇಲೆ ಹಲ್ಲುಜ್ಜೋಕೆ ಹೋಗುತ್ತಾರೆ ಅನ್ನೋದು ಅಷ್ಟರಲ್ಲಿ ಗೊತ್ತಾಗುತ್ತೆ. ಗಾಡಿ ಓಡಿಸುವ ರೀತಿಯನ್ನೂ ಗಮನಿಸಿ. ಆಮೇಲೆ ನಾಲ್ವರ ಒಂದು ವಾಟ್ಸ್ಆ್ಯಪ್ ಗುಂಪು ಸಾಕು. ಆ್ಯಪ್‌ಗಿಂತ ಮೊದಲು ನಿಮ್ಮ ಅಪಾರ್ಟ್‌ಮೆಂಟ್ ಗುಂಪಿನಲ್ಲಿ, ಆಫೀಸಿನ ಒಳಗಿನ ಮೇಲ್‌ನಲ್ಲಿ ಒಮ್ಮೆ ಕೇಳಿ ನೋಡೋದೂ ಒಳ್ಳೇದು. ಪಕ್ಕದ ಬ್ಲಾಕಿನಿಂದ ದಿನಾ ಅದೇ ಟೆಕ್ ಪಾರ್ಕಿಗೆ ಹೋಗುವವರು ಇದ್ದರೂ ಇಬ್ಬರಿಗೂ ಗೊತ್ತಿರಲ್ಲ.

ಗುಂಪು ಒಡೆಯೋದು ದುಡ್ಡಿಗಿಂತ ಹೆಚ್ಚಾಗಿ ಕಾಯೋದರಿಂದ. ಐದು ನಿಮಿಷ ಕಾಯೋದು, ಆರನೇ ನಿಮಿಷಕ್ಕೆ ಹೊರಡೋದು, ಇದಕ್ಕೆ ಬೇಜಾರು ಮಾಡಿಕೊಳ್ಳೋ ಹಾಗಿಲ್ಲ ಅಂತ ಮೊದಲ ದಿನವೇ ಮಾತಾಡಿಕೊಳ್ಳಿ. ರಜೆ ಇದ್ದರೆ ಹಿಂದಿನ ರಾತ್ರಿ ಹತ್ತರೊಳಗೆ ಹೇಳಬೇಕು. ಕಾರಿನಲ್ಲಿ ಸ್ಪೀಕರ್ ಹಾಕಿ ಕಾಲ್ ಮಾತಾಡೋ ಹಾಗಿಲ್ಲ. ಗುಂಪಿನಲ್ಲಿ ಕಾರಿಲ್ಲದ ಒಬ್ಬರಿದ್ದರೆ ಅವರು ದಿನದ ಲೆಕ್ಕ ಇಡುವ ಬದಲು ತಿಂಗಳಿಗೊಮ್ಮೆ ಯಾರಾದರೊಬ್ಬರ ಕಾರಿಗೆ ಪೆಟ್ರೋಲ್ ಹಾಕಿಸಿದರೆ ಆಯಿತು. ಒಬ್ಬರದು ಎಲೆಕ್ಟ್ರಿಕ್ ಕಾರಾದರೆ ಮಾತ್ರ ಸ್ವಲ್ಪ ಪೇಚಾಟ. ಮನೆಯಲ್ಲೇ ಚಾರ್ಜ್ ಮಾಡಿದರೆ ಕಿಲೋಮೀಟರಿಗೆ ಒಂದೂವರೆ ರೂಪಾಯಿಯೂ ಬೀಳದ ಆ ಕಾರಿನ ಮೇಲೆ ಎಲ್ಲರಿಗೂ ಕಣ್ಣು. ಅವರೇ ದಿನಾ ಓಡಿಸಲಿ ಅನ್ನೋದು ಅನ್ಯಾಯ. ಸರದಿಯನ್ನ ಹಾಗೇ ಇಟ್ಟುಕೊಳ್ಳೋದೇ ವಾಸಿ.

ಈಗ ಆರ್‌ಟಿಒ. ನಿಮ್ಮ ಹೆದರಿಕೆಗೆ ಕಾರಣ ಇಲ್ಲದೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಜನರನ್ನ ಸಾಗಿಸುವ ವಾಹನಕ್ಕೆ ಪರ್ಮಿಟ್ ಬೇಕು, ಅದು 66ನೇ ಕಲಂ. ಪರ್ಮಿಟ್ ಇಲ್ಲದೆ ಓಡಿಸಿದರೆ 192ಎ ಕಲಂ ಕೆಳಗೆ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೇ 10,000 ರೂಪಾಯಿ ದಂಡ ಮತ್ತು ಆರು ತಿಂಗಳವರೆಗೆ ಜೈಲು. ಹಳದಿ ಬೋರ್ಡಿನವರ ವಾದವೂ ಇಲ್ಲಿಂದಲೇ ಬರೋದು. ತೆರಿಗೆ ಕಟ್ಟಿ, ಪರ್ಮಿಟ್ ಮಾಡಿಸಿ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ, ಹೆಚ್ಚಿನ ಇನ್ಶೂರೆನ್ಸ್ ಕಟ್ಟಿ ನಾವು ಓಡಿಸೋದು, ಏನೂ ಇಲ್ಲದ ಬಿಳಿ ಬೋರ್ಡಿನವರು ನಮ್ಮ ಗಿರಾಕಿಗಳನ್ನ ಕರಕೊಂಡು ಹೋಗೋದು ಅಂದರೆ ಹೇಗೆ? ಅವರ ಕಷ್ಟ ನ್ಯಾಯವಾದದ್ದೇ. 2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆ ಸಂಘಟನೆಗಳು ಬೆಂಗಳೂರಿನಲ್ಲಿ ಬಂದ್ ಮಾಡಿದಾಗ ಬಿಳಿ ಬೋರ್ಡಿನ ಬೈಕ್ ಟ್ಯಾಕ್ಸಿಗಳ ವಿರುದ್ಧದ ಕೂಗು ದೊಡ್ಡದಾಗಿತ್ತು. ಅದಾದ ಕೆಲವೇ ವಾರಗಳಲ್ಲಿ ಕಾರ್‌ಪೂಲ್ ನಿಷೇಧವಾಯಿತು ಅನ್ನುವ ಸುದ್ದಿ ಹಬ್ಬಿ ಐಟಿ ಮಂದಿ ಗಾಬರಿಯಾದರು. ಆಗ ಸಾರಿಗೆ ಸಚಿವ ರಾಮಲಿಂಗಾ ರೆಡ್ಡಿ ಅವರು ಕೊಟ್ಟ ವಿವರಣೆಯ ತಿರುಳು ಇಷ್ಟು: ಕಾರ್‌ಪೂಲ್‌ಗೆ ನಿಷೇಧ ಇಲ್ಲ, ಅನುಮತಿ ಇಲ್ಲದೆ ಬಿಳಿ ಬೋರ್ಡ್ ವಾಹನವನ್ನ ಆ್ಯಪ್ ಮೂಲಕ ವ್ಯಾಪಾರಕ್ಕೆ ಬಳಸುವಂತಿಲ್ಲ.

ಹಾಗಾದರೆ ಹಂಚಿಕೊಳ್ಳೋದು ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ಶುರುವಾಗುತ್ತೆ? ಆಗಲೇ ಹೇಳಿದ 8 ರೂಪಾಯಿ 60 ಪೈಸೆಯನ್ನ ಈಗ ತೆಗೆಯಿರಿ. ಒಬ್ಬರಿಂದ ಕಿಲೋಮೀಟರಿಗೆ 4.30 ತಗೊಂಡರೆ ಅರ್ಧ ಖರ್ಚು ಹಂಚಿಕೊಂಡ ಹಾಗೆ. ಅದೇ ದರದಲ್ಲಿ ಮೂರು ಜನರನ್ನ ಕೂರಿಸಿದರೆ ಕಿಲೋಮೀಟರಿಗೆ 12.90 ಬಂತು. ಪೆಟ್ರೋಲ್ ಖರ್ಚು ಕಳೆದು ಮೇಲೆ ನಾಲ್ಕು ರೂಪಾಯಿ ಜೇಬಿಗೆ. ಇದಕ್ಕೆ ಕಾರ್‌ಪೂಲ್ ಅಂತ ಹೆಸರಿಟ್ಟರೂ ಬಾಡಿಗೆ ಬಾಡಿಗೆಯೇ. ನನ್ನ ಮಾತು ಕೇಳುವುದಾದರೆ, ಕಾರಿನಲ್ಲಿ ಎಷ್ಟು ಜನ ಇದ್ದಾರೋ, ನಿಮ್ಮನ್ನೂ ಸೇರಿಸಿ, ಅಷ್ಟರಿಂದ ಪೆಟ್ರೋಲ್ ಖರ್ಚನ್ನ ಭಾಗಿಸಿ. ಮೂವರು ಇದ್ದರೆ ತಲೆಗೆ 2.90ರ ಹತ್ತಿರ, ನಾಲ್ವರಿದ್ದರೆ 2.15. ಅದಕ್ಕಿಂತ ಮೇಲೆ ಆ್ಯಪ್ ಅವಕಾಶ ಕೊಟ್ಟರೂ ತಗೋಬೇಡಿ.

ಕೇಂದ್ರ ಸರ್ಕಾರ 2020ರ ನವೆಂಬರ್‌ನಲ್ಲಿ ಹೊರಡಿಸಿದ ಅಗ್ರಿಗೇಟರ್ (ಆ್ಯಪ್ ಮೂಲಕ ಸವಾರಿ ಕೂಡಿಸಿಕೊಡುವ ಕಂಪನಿ) ಮಾರ್ಗಸೂಚಿಯಲ್ಲಿ ಖಾಸಗಿ ಕಾರುಗಳ ಪೂಲಿಂಗ್‌ಗೆ ಜಾಗ ಕೊಟ್ಟಿತ್ತು: ಒಂದು ಕಾರಿಗೆ ಊರೊಳಗೆ ದಿನಕ್ಕೆ ನಾಲ್ಕು ಟ್ರಿಪ್, ಊರಿಂದೂರಿಗೆ ವಾರಕ್ಕೆ ಎರಡು, ಕೂತವರಿಗೆ ಕನಿಷ್ಠ 5 ಲಕ್ಷದ ವಿಮೆ, ಹೆಂಗಸರಿಗೆ ಹೆಂಗಸರ ಜೊತೆ ಮಾತ್ರ ಹೋಗುವ ಆಯ್ಕೆ. ಆದರೆ ಅದರಲ್ಲೇ ‘ರಾಜ್ಯ ಸರ್ಕಾರ ನಿಷೇಧಿಸದಿದ್ದರೆ’ ಅನ್ನುವ ಮಾತೂ ಇತ್ತು. 2025ರ ಜುಲೈಯಲ್ಲಿ ಮಾರ್ಗಸೂಚಿ ಹೊಸದಾಗಿ ಬಂದರೂ ಜಾರಿ ಮಾಡೋದು ರಾಜ್ಯಗಳ ಕೈಲೇ ಇದೆ. ಹಾಗಾಗಿ ದೆಹಲಿಯ ಮಾರ್ಗಸೂಚಿ ತೋರಿಸಿ ಬೆಂಗಳೂರಿನ ಆರ್‌ಟಿಒ ಮುಂದೆ ವಾದ ಮಾಡೋಕೆ ಹೋಗಬೇಡಿ. ಆದರೆ ಅಳತೆಗೋಲಾಗಿ ಅದು ಉಪಯೋಗಕ್ಕೆ ಬರುತ್ತೆ. ಬೆಳಿಗ್ಗೆ ಒಂದು, ಸಂಜೆ ಒಂದು ಟ್ರಿಪ್ ಮಾಡುವ ನೀವು ಯಾವ ಲೆಕ್ಕದಲ್ಲಿ ನೋಡಿದರೂ ಆಫೀಸಿಗೆ ಹೋಗುವ ಮನುಷ್ಯ. ಬೆಳಗಿಂದ ರಾತ್ರಿವರೆಗೆ ಎಂಟು ಟ್ರಿಪ್ ಹೊಡೆಯುವವರನ್ನ ಹಾಗೆ ಅನ್ನೋಕಾಗಲ್ಲ. ಸರದಿ ಪದ್ಧತಿಯಲ್ಲಂತೂ ದುಡ್ಡೇ ಕೈ ಬದಲಾಯಿಸದ ಮೇಲೆ ಬಾಡಿಗೆ ಅನ್ನೋ ಆರೋಪಕ್ಕೆ ಹಿಡಿ ಎಲ್ಲಿದೆ?

ದಂಡಕ್ಕಿಂತ ನನಗೆ ಹೆಚ್ಚು ಅಳುಕು ಇರೋದು ಇನ್ಶೂರೆನ್ಸಿನದು. ನಿಮ್ಮ ಪಾಲಿಸಿ ಕಾಗದ ತೆಗೆದು ‘ಬಳಕೆಯ ಮಿತಿ’ ಅನ್ನುವ ಭಾಗ ನೋಡಿ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆ, ಪ್ರತಿಫಲದ ಬಳಕೆಗೆ ವಿಮೆ ಇಲ್ಲ ಅಂತ ಬರೆದಿರುತ್ತೆ. ಅಪಘಾತ ಆದ ದಿನ ಕಂಪನಿಯವರು ಮೊದಲು ಹುಡುಕೋದು ಆ ಸಾಲನ್ನ. ಹಳೇ ಕಾರು ಅಂತ ಬರೀ ಥರ್ಡ್ ಪಾರ್ಟಿ ಪಾಲಿಸಿ ಇಟ್ಟುಕೊಂಡಿರುವವರು ಇನ್ನೂ ಎಚ್ಚರ ವಹಿಸಬೇಕು. ಕಾಯ್ದೆಗೆ ಬೇಕಾದಷ್ಟು ಮಾತ್ರ ಇರುವ ಪಾಲಿಸಿಯಲ್ಲಿ ಕಾರಿನೊಳಗೆ ಕೂತವರಿಗೆ ರಕ್ಷಣೆ ಇಲ್ಲ, ಪ್ಯಾಕೇಜ್ ಪಾಲಿಸಿ, ಅಂದರೆ ಕಾಂಪ್ರಹೆನ್ಸಿವ್ ಪಾಲಿಸಿಯಾದರೆ ಇದೆ ಅಂತ ಸುಪ್ರೀಂ ಕೋರ್ಟ್ 2012ರ ತೀರ್ಪೊಂದರಲ್ಲಿ ಬಿಡಿಸಿ ಹೇಳಿದೆ. ಬೇರೆಯವರನ್ನ ದಿನಾ ಕೂರಿಸಿಕೊಂಡು ಹೋಗುವ ಕಾರಿಗೆ ಪ್ಯಾಕೇಜ್ ಪಾಲಿಸಿ ಇರಲೇಬೇಕು. ಸರದಿಗೆ ಸೇರುವ ನಾಲ್ವರೂ ತಮ್ಮ ಪಾಲಿಸಿಯ ಮೊದಲ ಪುಟವನ್ನ ಗುಂಪಿಗೆ ಹಾಕಲಿ, ಇದರಲ್ಲಿ ಸಂಕೋಚದ ಮಾತೇನಿಲ್ಲ. ರಿನ್ಯೂವಲ್ ಹೊತ್ತಿಗೆ ಕಾರಿನಲ್ಲಿ ಕೂತವರಿಗೆ ವೈಯಕ್ತಿಕ ಅಪಘಾತ ವಿಮೆಯನ್ನೂ ಸೇರಿಸಿ ಅಂತ ಕೇಳಿ ನೋಡಿ.

ಹೊಸಬರ ಜೊತೆ ಹೋಗುವ ಭಯದ ಬಗ್ಗೆ ನೀವು ಕೇಳಿಲ್ಲ, ನಿಮ್ಮ ಜೊತೆ ಹತ್ತುವವರು ಕೇಳಿಯೇ ಕೇಳುತ್ತಾರೆ. ಆಫೀಸಿನ ಮೇಲ್ ಐಡಿಯಿಂದ ಗುರುತು ಖಚಿತಪಡಿಸಿಕೊಂಡವರನ್ನ ಮಾತ್ರ ತೋರಿಸು ಅನ್ನುವ ಆಯ್ಕೆ ಇದ್ದರೆ ಅದನ್ನ ಹಾಕಿಕೊಳ್ಳಿ. ಹೆಂಗಸರು ಹೆಂಗಸರ ಕಾರನ್ನಷ್ಟೇ ಆರಿಸಿಕೊಳ್ಳುವ ಅವಕಾಶ ಇರುವ ಆ್ಯಪ್‌ಗಳೂ ಇವೆ. ಹತ್ತುವ ಮೊದಲು ನಂಬರ್ ಪ್ಲೇಟ್ ಆ್ಯಪ್‌ನಲ್ಲಿರೋದಕ್ಕೆ ತಾಳೆ ಆಗಬೇಕು, ಟ್ರಿಪ್ಪಿನ ಲಿಂಕ್ ಮನೆಯವರೊಬ್ಬರಿಗೆ ಹೋಗಿರಬೇಕು.

ಒಂದು ಮಾತು, ಕಾರಿಲ್ಲದೆ ಬರೀ ಹತ್ತೋಕೆ ಕಾರ್‌ಪೂಲ್ ಹುಡುಕುವವರಿಗೆ. ನೀವು ಏನನ್ನ ಬಿಟ್ಟು ಬರುತ್ತಿದ್ದೀರಿ ಅನ್ನೋದರ ಮೇಲೆ ಉಳಿತಾಯ ನಿಂತಿದೆ. ಕ್ಯಾಬ್ ಬಿಟ್ಟು ಬಂದರೆ ಭರ್ಜರಿ ಲಾಭ. ಬಸ್ ಬಿಟ್ಟು ಬಂದರೆ ನಷ್ಟ. 2025ರ ಜನವರಿಯ ದರ ಏರಿಕೆಯ ಮೇಲೂ ಬಿಎಂಟಿಸಿಯ ಸಾಮಾನ್ಯ ತಿಂಗಳ ಪಾಸು 1,200 ರೂಪಾಯಿ. ಹೆಂಗಸರಿಗಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಆಫೀಸು ನೇರಳೆ ಮಾರ್ಗದ ಮೆಟ್ರೋ ಪಕ್ಕದಲ್ಲಿರುವವರು, ಅಂದರೆ ಐಟಿಪಿಎಲ್, ವೈಟ್‌ಫೀಲ್ಡ್ ಕಡೆಯವರು, 2025ರ ಫೆಬ್ರುವರಿಯಲ್ಲಿ ನಿಗದಿಯಾದ ಗರಿಷ್ಠ ದರ 90 ರೂಪಾಯಿಯನ್ನೇ ಕೊಟ್ಟರೂ ಒಬ್ಬರೇ ಕಾರು ಓಡಿಸೋದಕ್ಕಿಂತ ಅಗ್ಗ, ಹೊತ್ತಿಗೆ ಸರಿಯಾಗಿ ತಲುಪೋದು ಬೇರೆ. ನಿಮ್ಮ ಕಾಡುಬೀಸನಹಳ್ಳಿಗೆ ನೀಲಿ ಮಾರ್ಗ ಓಡೋಕೆ ಶುರುವಾದ ದಿನ ಈ ಉತ್ತರವನ್ನೇ ಬೇರೆ ಥರ ಬರೆಯಬೇಕಾಗುತ್ತೆ.

ಕೊನೆಯದು ಮೈಸೂರು. ಆಫೀಸಿಗೆ ಜೊತೆ ಹುಡುಕುವ ಆ್ಯಪ್‌ಗಳಿಗಿಂತ ಊರಿಂದೂರಿಗೆ ಬ್ಲಾಬ್ಲಾಕಾರ್‌ನಲ್ಲಿ ಜನ ಹೆಚ್ಚು ಸಿಗುತ್ತಾರೆ. ಫ್ರಾನ್ಸಿನ ಈ ಕಂಪನಿ 2015ರಿಂದ ಭಾರತದಲ್ಲಿದೆ. ಅಲ್ಲಿ ಕಾರಿನವರು ದಿನ, ಹೊತ್ತು, ಸೀಟಿಗಿಷ್ಟು ಅಂತ ಹಾಕಿರುತ್ತಾರೆ, ಹೋಗುವವರು ಕಾಯ್ದಿರಿಸುತ್ತಾರೆ. ಮೈಸೂರಿಗೆ ಸುಮಾರು 145 ಕಿಲೋಮೀಟರ್. ಹೆದ್ದಾರಿಯಲ್ಲಿ ಲೀಟರಿಗೆ 18 ಸಿಕ್ಕರೆ ಎಂಟು ಲೀಟರ್, 830 ರೂಪಾಯಿ ಆಸುಪಾಸು. ಕಣಿಮಿಣಿಕೆಯಲ್ಲಿ ಒಂದು, ಗಣಂಗೂರಿನಲ್ಲಿ ಒಂದು ಟೋಲ್, ಅದನ್ನೂ ಸೇರಿಸಿ ನಾಲ್ಕರಿಂದ ಭಾಗಿಸಿ, ಬಂದದ್ದೇ ಸೀಟಿನ ದರ. ವಾರಕ್ಕೊಮ್ಮೆ ಹೋಗಿಬಂದರೆ ಮಾರ್ಗಸೂಚಿಯ ಎರಡು ಟ್ರಿಪ್ಪಿನ ಅಳತೆಯೊಳಗೇ ಇರುತ್ತೀರಿ. ಶುಕ್ರವಾರ ಸಂಜೆ ಹೊರಡುವುದಾದರೆ ಬುಧವಾರವೇ ಹಾಕಿ, ಹತ್ತುವ ಜಾಗ ಕೆಂಗೇರಿ ಬಸ್ ನಿಲ್ದಾಣದ ಹತ್ತಿರ ಅಂತ ಇಟ್ಟುಕೊಳ್ಳಿ. ನೇರಳೆ ಮೆಟ್ರೋ ಅಲ್ಲಿವರೆಗೂ ಬರುವುದರಿಂದ ಊರಿನ ಯಾವ ಮೂಲೆಯವರೂ ನಿಮ್ಮನ್ನ ಸುತ್ತಾಡಿಸದೆ ತಾವೇ ಬಂದು ಸೇರುತ್ತಾರೆ. ಸೀಟಿನ ಜೊತೆಗೆ ಒಬ್ಬರಿಗೆ ಒಂದೇ ಬ್ಯಾಗು ಅಂತ ಬರೆದುಬಿಡಿ. ಹಬ್ಬದ ಹಿಂದಿನ ದಿನ ಡಿಕ್ಕಿಯಲ್ಲಿ ಜಾಗ ಹುಡುಕೋದೇ ದೊಡ್ಡ ಜಗಳವಾಗುತ್ತೆ.